ಮುಖ್ಯ ವೈದ್ಯರ ಭಾಷಣಕ್ಕೆ ಟಣ್

ಆಸ್ಪತ್ರೆಯ ಪ್ಲಂಬರ್‌ನನ್ನು ಎಲ್ಲರೂ ಕರೆಯುತ್ತಿದ್ದುದು ಲೀಕಣ್ಣ ಎಂದೇ. ಐವತ್ತೆರಡು ವರ್ಷ, ಬಾಂಡ್ಲಿಯಂಥ ಹೊಟ್ಟೆ. ದಿನವಿಡೀ ಪೈಪು ಬಡಿದದ್ದು ಸಾಲದೆಂದು ಮನೆಗೊಂದು ಎಲೆಕ್ಟ್ರಾನಿಕ್ ಡ್ರಮ್ ಸೆಟ್ ತಂದ. ರಬ್ಬರ್ ಪ್ಯಾಡಿಗೆ ಬಡಿದರೆ ಸದ್ದು ಬಡಿದವನ ಹೆಡ್‌ಫೋನಿನಲ್ಲಷ್ಟೇ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಒಪ್ಪಿದ್ದೇ ಆ ಕಾರಣಕ್ಕೆ.

ಆರು ತಿಂಗಳಲ್ಲಿ ಐದು ಪ್ಯಾಡು ಸಾಲದಾಯಿತು. ಝಲ್ಲೆನ್ನುವ ಕಂಚಿನ ತಾಳದ ಸದ್ದಿಗೆ ಇನ್ನೊಂದು ಸಿಂಬಲ್ ಬೇಕು, ಟಣ್ ಎನ್ನುವ ಗಂಟೆಯೂ ಬೇಕು. ಆದರೆ ಸದ್ದು ಹುಟ್ಟಿಸುವ ಪೆಟ್ಟಿಗೆಯ ಹಿಂದೆ ಖಾಲಿಯಿದ್ದುದು ಕೇಬಲ್ ಸಿಕ್ಕಿಸುವ ಒಂದೇ ತೂತು.

“ಒಂದು ಪೈಪಿಂದ ಎರಡು ನಲ್ಲಿ ಎಳೆಯೋದು ನನಗೇನು ಹೊಸದಾ?” ಎಂದು ಕವಲೊಡೆದ ಕೇಬಲ್ ತಂದು ಸಿಕ್ಕಿಸಿದ. ಎರಡು ಹೊಸ ಪ್ಯಾಡುಗಳಲ್ಲಿ ಯಾವುದಕ್ಕೆ ಬಡಿದರೂ ಸಿಂಬಲ್ಲಿನ ಸದ್ದೇ.

“ಬಿಸಿನೀರಿನ ನಲ್ಲೀಲೂ ತಣ್ಣೀರೇ ಬರ್ತಿದೆ ಅನ್ನಿ,” ಎಂದಳು ಹೆಂಡತಿ.

ಕೇಬಲ್ ಸ್ಟೀರಿಯೊ ಆಗಿರಬೇಕು, ಆಗ ಒಂದೊಂದು ಕವಲಿಗೂ ಬೇರೆ ತಂತಿ ಇರುತ್ತದೆ ಎಂದು ಅಂಗಡಿಯವನು ಆಮೇಲೆ ಬಾಯಿಬಿಟ್ಟ. ಅದನ್ನು ತಂದ ದಿನ ಒಂದರಲ್ಲಿ ಸಿಂಬಲ್, ಇನ್ನೊಂದರಲ್ಲಿ ಟಣ್! ಖುಷಿಗೆ ಲೀಕಣ್ಣ ಅಡುಗೆಮನೆಯ ಪಾತ್ರೆಗಳಿಗೂ ನಾಲ್ಕೇಟು ಬಿಗಿದ.

ಹೆಡ್ ನರ್ಸ್ ನಿವೃತ್ತರಾಗುವ ದಿನ ಆಸ್ಪತ್ರೆಯ ಸಭಾಂಗಣದಲ್ಲಿ ಸ್ಪೀಕರ್ ಸಮೇತ ಅವನ ಡ್ರಮ್ ಸೆಟ್ ಹಾಜರಾಯಿತು. ಸ್ಟ್ಯಾಂಡಿನಲ್ಲಿ ಜಾಗ ಸಾಲದೆ ಗಂಟೆಯ ಪ್ಯಾಡನ್ನು ಭಾಷಣದ ಮೇಜಿನ ಅಂಚಿಗೆ ಬಿಗಿದಿದ್ದ. ಮುಖ್ಯ ವೈದ್ಯರಿಗೋ ಮಾತಿಗೊಮ್ಮೆ ಮೇಜು ಗುದ್ದುವ ಚಾಳಿ.

“ಆಸ್ಪತ್ರೇಲಿ ಶಿಸ್ತು ಮುಖ್ಯ!” ಎಂದು ಗುದ್ದಿದರು. ಮೇಜಿನೊಡನೆ ಪ್ಯಾಡೂ ಅದುರಿ ಸ್ಪೀಕರಿನಲ್ಲಿ ಟಣ್!

“ಯಾರ್ರೀ ಅದು?” ಮತ್ತೆ ಗುದ್ದು. ಟಣ್!

ಹಿಂದಿನ ಸಾಲಿನ ನರ್ಸುಗಳು ಸೆರಗು, ಕರವಸ್ತ್ರ, ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕಿಕೊಂಡರು. ಲೀಕಣ್ಣ ಕೇಬಲ್ ಕೀಳಲು ಅಂಬೆಗಾಲಿಟ್ಟು ಮೇಜಿನ ಕೆಳಗೆ ನುಗ್ಗಿದ.

“ಕೀಳಬೇಡ್ವೋ ಲೀಕಣ್ಣ,” ಎಂದು ಹೆಡ್ ನರ್ಸ್ ಎದ್ದು ನಿಂತರು. “ಹದಿನೈದು ವರ್ಷದಿಂದ ಈ ಭಾಷಣ ಕೇಳ್ತಿದ್ದೀನಿ. ನಿದ್ದೆ ಬರದೇ ಇದ್ದದ್ದು ಇವತ್ತೇ!”

ಸಭೆ ಗೊಳ್ಳೆಂದಿತು. ಮುಖ್ಯ ವೈದ್ಯರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಮೇಜು ಗುದ್ದದೆ ಅವರ ಮಾತು ಓಡುವುದಿಲ್ಲ. ಮೂರು ನಿಮಿಷಕ್ಕೆ ಮುಗಿಸಿ ಕೂತರು.

ಮಾರನೆಯ ದಿನ ಲೀಕಣ್ಣ ಹಳೇ ಪೈಪಿನಲ್ಲಿ ಗಂಟೆಯ ಪ್ಯಾಡಿಗೆ ಬೇರೆ ಸ್ಟ್ಯಾಂಡ್ ಮಾಡಿದ. ಈಗ ಮಂಗಳವಾರ ಸಂಜೆ ಹೆಡ್ ನರ್ಸ್ ಡ್ರಮ್ ಕಲಿಯಲು ಅವನ ಮನೆಗೇ ಬರುತ್ತಾರೆ. ಇಂಜೆಕ್ಷನ್ ಚುಚ್ಚಿ ಪಳಗಿದ ಕೈ. ತಾಳ ತಪ್ಪುತ್ತದೆ, ಗುರಿ ಮಾತ್ರ ತಪ್ಪುವುದಿಲ್ಲ.