ಕಮಾಲುದ್ದೀನ್ ಸಾಹೇಬರ ಅಂಗೈ

ಕೊಪ್ಪದಲ್ಲಿ ಟಿಂಕರಿಂಗ್ ಶೆಡ್ ಇಟ್ಟಿರುವ ಕಮಾಲುದ್ದೀನ್ ಸಾಹೇಬರಿಗೆ ಕಾರಿನ ತಗಡು ಕಣ್ಣಿಗಿಂತ ಅಂಗೈಗೇ ಚೆನ್ನಾಗಿ ಕಾಣುತ್ತದೆಂದು ಊರೆಲ್ಲ ಹೇಳುತ್ತದೆ. ಕಣ್ಣು ಮುಚ್ಚಿ ಬಾಗಿಲ ಮೇಲೊಮ್ಮೆ ಕೈಯಾಡಿಸಿದರೆ, ಅದು ಆಗುಂಬೆ ಘಾಟಿಯ ಯಾವ ತಿರುವಿನಲ್ಲಿ ಉಜ್ಜಿದ್ದೆಂದೂ ಹೇಳಿಬಿಡುತ್ತಾರಂತೆ. "ಇಷ್ಟು ಸಾಕು ಸಾಹೇಬ್ರೇ" ಎಂದ ಗಿರಾಕಿಗೆ, "ಸಾಕಾದ್ರೆ ತಗೊಂಡು ಹೋಗು ಮಾರಾಯ, ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡ" ಎಂದು ಬೆನ್ನು ತಿರುಗಿಸುವವರು. ನಮಾಜಿನ ಹೊತ್ತು ಬಿಟ್ಟರೆ ಸುತ್ತಿಗೆ ಕೆಳಗಿಡುವುದಿಲ್ಲ; ಚಹಾವನ್ನು ಬಿಸಿಯಿರುವಾಗ ಕುಡಿದದ್ದನ್ನು ಯಾರೂ ನೋಡಿಲ್ಲ. ಹರಿಹರಪುರದ ಪ್ರದೀಪ ತನ್ನ ಮುತ್ತಜ್ಜ ಮಹಾಯುದ್ಧಕ್ಕೂ ಮುಂಚೆ ಕೊಂಡಿದ್ದ ಆಸ್ಟಿನ್ ಕಾರನ್ನು ರಿಪೇರಿಗೆ ತಂದು ಬಿಟ್ಟಾಗ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಬಾನೆಟ್ಟನ್ನು ಮುಟ್ಟಿದರು. ಮುಟ್ಟಿದ್ದು ಅವರಿಗೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಆ ಅಂಗೈ ಮರಗಟ್ಟಿಹೋಗಿರುವುದು ಹೆಂಡತಿ ಜಮೀಲಾಗೆ ಮಾತ್ರ ಗೊತ್ತು. ಆಕೆ ಬುತ್ತಿ ತರುವ ನೆಪದಲ್ಲಿ ಬಂದು, ಗಂಡ ಬಡಿದ ಕಡೆಯೆಲ್ಲ ತಾನು ಕೈಯಾಡಿಸಿ "ಇಲ್ಲಿ ಇನ್ನೂ ಉಬ್ಬಿದೆ" ಎನ್ನುತ್ತಾರೆ, ಸಾಹೇಬರು ಮತ್ತೆ ಬಡಿಯುತ್ತಾರೆ. ಆಸ್ಟಿನ್ ಕಾರಿನ ಎಡಬಾಗಿಲು ಮಾತ್ರ ಎಷ್ಟು ಬಡಿದರೂ ಸಮವಾಗಲಿಲ್ಲ. ಇನ್ನೊಂದೇಟು ಬಿದ್ದರೆ ಹರಿಯುವಷ್ಟು ತೆಳುವಾಯಿತು. ನಿನ್ನೆ ಜಮೀಲಾರ ಕೈ ಅದರ ಮೇಲೆ ಒಂದು ಕಡೆ ತಡೆದು ನಿಂತು, ಮುಂದೆ ಹೋಯಿತು. "ಎಲ್ಲ ಸಮ ಇದೆ ರೀ" ಎಂದರು. ಸಾಹೇಬರು ಆ ಕೈ ತಡೆದ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು. "ನೀನು ಹೇಳಿದ್ಮೇಲೆ ಆಯ್ತು. ಬಣ್ಣ ಹಾಕುವ" ಎಂದು, ಮುಚ್ಚಳ ತೆಗೆದುಕೊಡಲು ಬಣ್ಣದ ಡಬ್ಬಿಯನ್ನು ಆಕೆಯ ಕೈಗೇ ಕೊಟ್ಟರು.