ಎಲ್ಲಿಗೆ ಅಂತ ಕೇಳಬಾರದು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮದ್ದೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನಗೆ ಬೆಲೆ ಬರುತ್ತದೆ. ಸಮಾಜ ಪಾಠ ಮಾಡುವವಳು, ಮೇಲಾಗಿ ನಾಲ್ಕಾರು ದೇಶ ಸುತ್ತಿದವಳು ಎಂದು ಎಲ್ಲರೂ ಸಲಹೆ ಕೇಳುತ್ತಾರೆ. ನಾನೂ ಧಾರಾಳವಾಗಿ ಕೊಡುತ್ತೇನೆ. ಚಟ್ನಿಪುಡಿಯನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಪೆಟ್ಟಿಗೆಗೆ ಹಾಕಿ. ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಡಿ. ಊಟಿಗೆ ಹೋದರೂ ಹಾಂಕಾಂಗಿಗೆ ಹೋದರೂ ಕಾಲು ಅದೇ ಕಾಲು. ಮನೆಮಂದಿಯ ಪಾಸ್‌ಪೋರ್ಟುಗಳನ್ನೆಲ್ಲ ಒಬ್ಬರೇ ಇಟ್ಟುಕೊಳ್ಳಬೇಡಿ, ಅವರು ಶೌಚಾಲಯಕ್ಕೆ ಹೋದರೆ ಉಳಿದವರು ಯಾವ ದೇಶದವರೂ ಅಲ್ಲದಂತಾಗುತ್ತಾರೆ. ಇಷ್ಟೆಲ್ಲ ಉಪದೇಶ ಮಾಡುವ ನಾನು, ನನ್ನ ಅಕ್ಕನಿಗೆ ಹೇಳಿಕೊಡಲೇಬೇಕಾಗಿದ್ದ ಒಂದು ಮಾತನ್ನು ಮರೆತು ಪೇಚಿಗೆ ಸಿಕ್ಕಿಕೊಂಡೆ.

ಅಕ್ಕ ಇರುವುದು ಪೂರಿಗಾಲಿಯಲ್ಲಿ. ನನಗಿಂತ ಎಂಟು ವರ್ಷ ದೊಡ್ಡವಳು. ಎರಡು ಹಸು, ಒಂದಿಷ್ಟು ಗದ್ದೆ, ಮಾತು ಮಾತ್ರ ಖಾರ. ನಾನು ಎಲ್ಲಿಗೆ ಹೋಗಿ ಬಂದರೂ ಮೊದಲು ಅವಳ ಜಗಲಿಯಲ್ಲಿ ಕೂತು ವರದಿ ಒಪ್ಪಿಸಬೇಕು. ಸೊಪ್ಪು ಸೋಸುತ್ತಾ ಎಲ್ಲ ಕೇಳುತ್ತಾಳೆ. ಸಮುದ್ರದ ವಿಷಯ ಬಂದಾಗ ಮಾತ್ರ ಅವಳ ಕೈ ನಿಲ್ಲುತ್ತದೆ. "ಆ ಕಡೆ ದಡ ಕಾಣಾಕಿಲ್ವ?" ಎಂದು ಪ್ರತಿ ಸಲವೂ ಕೇಳುತ್ತಾಳೆ. ಕಾಣುವುದಿಲ್ಲ ಎಂದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುವಂತೆ ನೋಡುತ್ತಾಳೆ. ಅರವತ್ತು ವರ್ಷವಾದರೂ ಅವಳು ಸಮುದ್ರ ಕಂಡಿರಲಿಲ್ಲ. ಬರಬರುತ್ತಾ, ಅವಳಿಲ್ಲದೆ ನೋಡಿದ ಸಮುದ್ರ ನನಗೂ ರುಚಿಸದಂತಾಯಿತು.

ಹಾಗಾಗಿ ಅಕ್ಕನನ್ನು ಕರೆಯತೊಡಗಿದೆ. ಮೊದಲ ವರ್ಷ "ಬ್ಯಾಡ ಕಣೆ, ಹಸ ಗಬ್ಬ ಆಗೈತೆ" ಅಂದಳು. ಎರಡನೆಯ ವರ್ಷ "ಬ್ಯಾಡ ಕಣೆ, ಮಂಡಿ ನೋವು" ಅಂದಳು. ಮೂರನೆಯ ವರ್ಷ ನೆಪ ಮುಗಿದಿತ್ತೋ ಏನೋ, ಬರೀ "ಬ್ಯಾಡ ಕಣೆ" ಅಂದಳು. ಈ ಸಲ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಸ್‌ಪೋರ್ಟ್ ಮಾಡಿಸಿ, ಸಿಂಗಪುರದ ಪ್ರವಾಸಕ್ಕೆ ಇಬ್ಬರ ಹೆಸರನ್ನೂ ಬರೆಸಿಬಿಟ್ಟೆ. ಅಕ್ಕ ನನ್ನನ್ನು ಬೈದುಕೊಂಡೇ ಪೆಟ್ಟಿಗೆಗೆ ಸೀರೆ ಜೋಡಿಸಿದಳು. ಎಲ್ಲಿ ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಅನ್ನುತ್ತಾಳೋ ಎಂದು ನನಗೆ ಒಳಗೊಳಗೇ ಪುಕಪುಕ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೋಗುವ ಕೆಲಸ ಕೆಡುತ್ತದೆ. "ದೂರವಾ?" ಎನ್ನಬೇಕು, ಹೊರಟವರು "ಇಲ್ಲೇ, ಓಗ್ಬತ್ತೀನಿ" ಎನ್ನಬೇಕು. ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಎಂದುಬಿಟ್ಟರೆ, ಹಿಂದಕ್ಕೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ನಾನು ಇದನ್ನೆಲ್ಲ ನಂಬುವುದಿಲ್ಲ. ಅಕ್ಕ ನಂಬುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ "ಒಂದು ಮಳವಳ್ಳಿ" ಎಂದುಬಿಡುತ್ತಾಳೆ. ಕೇಳಿಸಿಕೊಂಡರೆ ತಾನೇ ತೊಂದರೆ.

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ ಎಂದು ಅಕ್ಕನಿಗೆ ಹೇಳಿಡಲು ನಾನು ಮರೆತಿದ್ದೆ. ಬಾಗಿಲಲ್ಲಿ ಕಾವಲಿನವನು ಎಲ್ಲಿಗೆ ಎಂದು ಹಿಂದಿಯಲ್ಲಿ ಕೇಳಿದ. ಅಕ್ಕನಿಗೆ ಹಿಂದಿ ಬಾರದ್ದರಿಂದ ದೋಷ ತಟ್ಟಲಿಲ್ಲ. ಪೆಟ್ಟಿಗೆ ತೂಕ ಮಾಡುವ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ನಾನು ಉತ್ತರಿಸಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕೌಂಟರಿನಲ್ಲಿದ್ದ ಅಧಿಕಾರಿ ಬಹಳ ಸಜ್ಜನ. ಅಕ್ಕನ ಸೀರೆ, ಕುಂಕುಮ ನೋಡಿ ಅಕ್ಕರೆಯಿಂದ ಕನ್ನಡದಲ್ಲೇ, "ಅಮ್ಮ, ಎಲ್ಲಿಗೆ ಹೋಗ್ತಿದ್ದೀರಾ?" ಎಂದರು.

ಅಕ್ಕ ಅಲ್ಲಿಂದಲೇ ತಿರುಗಿದಳು. ಸಾಲಿನಲ್ಲಿದ್ದವರನ್ನೆಲ್ಲ ದಾಟಿ ಹಿಂದಕ್ಕೆ ಹೋಗಿ, ನೆಲದ ಮೇಲೆ ಕೂತು, ಚೀಲದಿಂದ ಬಾಟಲಿ ತೆಗೆದು ನೀರು ಕುಡಿದಳು. ಎಲ್ಲಿಗೆ ಎಂದು ಸರ್ಕಾರ ಕೇಳಿದ ಕೂಡಲೇ ಒಬ್ಬರು ಎದ್ದುಬಿದ್ದು ಹಿಂದಕ್ಕೆ ಹೋದರೆ ನೋಡಿದವರಿಗೆ ಹೇಗೆ ಕಾಣಬೇಡ? ಅಧಿಕಾರಿ ಎದ್ದು ನಿಂತರು. ಅಕ್ಕ ಬಾಯಿ ಒರೆಸಿಕೊಂಡು ನಿಧಾನವಾಗಿ ವಾಪಸು ಬಂದಳು.

"ಇಲ್ಲೇ ಕಣಪ್ಪ, ಓಗ್ಬತ್ತೀನಿ" ಎಂದಳು.

"ಇಲ್ಲೇ ಅಂದ್ರೆ ಎಲ್ಲಿಗೆ?"

ಅಕ್ಕ ಮತ್ತೆ ಬಾಟಲಿಯ ಕಡೆ ನೋಡಿದಳು. ನಾನು ಮುಂದೆ ಬಂದು, "ಸರ್, ಅದು ನಮ್ಮ ಕಡೆ..." ಎಂದು ಶುರು ಮಾಡಿದೆ.

"ನೀವು ಸುಮ್ನಿರಿ ಮೇಡಂ, ಅವರೇ ಹೇಳ್ಲಿ" ಎಂದರು. ದಿನವಿಡೀ ಮಕ್ಕಳಿಗೆ ಸುಮ್ಮನಿರಿ ಎನ್ನುವವಳು ನಾನು. ತೆಪ್ಪಗೆ ನಿಂತೆ.

"ಯಾವ ದೇಶಕ್ಕೆ ಕರ್ಕೊಂಡು ಹೋಗ್ತಿದ್ದಾರೆ ಅಂತ ಗೊತ್ತಾ ಅಮ್ಮ?"

"ಗೊತ್ತು. ಯೋಳಾಕಿಲ್ಲ."

"ಇವರು ಬಲವಂತ ಮಾಡಿದ್ರಾ?"

"ಊಂ. ಮೂರು ವರ್ಸದಿಂದ ಮಾಡ್ತಾವ್ಳೆ."

ಅಧಿಕಾರಿ ನಮ್ಮಿಬ್ಬರ ಪಾಸ್‌ಪೋರ್ಟನ್ನೂ ಪಕ್ಕಕ್ಕಿಟ್ಟು ಮೇಲಿನವರಿಗೆ ಫೋನ್ ಮಾಡಿದರು. ನಮ್ಮ ಪ್ರವಾಸದ ತಂಡ ಮುಂದೆ ಹೋಗುತ್ತಾ ನನ್ನನ್ನು ಮಕ್ಕಳ ಕಳ್ಳಿಯನ್ನು ನೋಡುವಂತೆ ನೋಡಿತು. ನಾಚಿಕೆಯಾಯಿತು ನಿಜ. ಅದಕ್ಕಿಂತ ದೊಡ್ಡ ಅನುಮಾನ ಬೇರೆ ಹೊಕ್ಕಿತು. ಅಕ್ಕನಿಗೆ ನಿಜವಾಗಿಯೂ ಬೇಡವಾಗಿತ್ತೇನೋ. ನನ್ನ ಖುಷಿಗಾಗಿ ಅವಳನ್ನು ಎಳೆದುಕೊಂಡು ಬಂದೆನೇನೋ. ನಿನಗೆ ಇಷ್ಟವಾ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮೇಲಧಿಕಾರಿ ಬಂದರು. ನನ್ನ ವಯಸ್ಸಿನ ಹೆಂಗಸು. ಅಕ್ಕನ ಭುಜದ ಮೇಲೆ ಕೈಯಿಟ್ಟು, "ಅಮ್ಮ, ಹೆದರ್ಕೋಬೇಡಿ. ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಮನೆಗೆ ಕಳಿಸ್ತೀವಿ" ಎಂದರು.

ಅಕ್ಕ ಗಾಬರಿಬಿದ್ದಳು. "ಮನೆಗಾ? ಮನೆಗ್ಯಾಕೆ ಕಳಿಸ್ತೀರಿ? ನಾನೋಗದು ಸಿಂಗಪುರಕ್ಕೆ ಕಣವ್ವ. ಸಮುದ್ರ ನೋಡ್ಬೇಕು." ನಮ್ಮೂರ ಬಸ್ಸಿನಲ್ಲಿ ಹಲಗೂರಾದ ಮೇಲಿನ ಸ್ಟಾಪು ಅನ್ನುವ ಹಾಗೆ ಹೇಳಿದಳು.

"ಹಾಗಾದ್ರೆ ಮೂರು ವರ್ಷದಿಂದ ಬಲವಂತ ಅಂದ್ರಲ್ಲ?"

"ಬಲವಂತ ಮಾಡ್ಲಿ ಅಂತಲೇ ಬ್ಯಾಡ ಅಂದಿದ್ದು. ಕರದ ಏಟ್ಗೇ ಊಂ ಅನ್ನಕಾಯ್ತದ? ಉಣ್ಣಾಕ್ ಕೂತಾಗ ಸಾಕು ಅಂದ್ರೆ ಇನ್ನೊಂದ್ ಸತಿ ಕೇಳಿ ಬಡಿಸಾಕಿಲ್ವ? ನೀವೇ ಯೋಳಿ." ನನ್ನ ಕಡೆ ಬೆರಳು ತೋರಿಸಿದಳು. "ಇವ್ಳು ಓದಿರೋಳು. ಇನ್ನೊಂದ್ ಸತಿ ಕೇಳಾಕೆ ಒಂದೊಂದ್ ವರ್ಸ ತಕಂಡ್ಲು."

ಇಬ್ಬರು ಅಧಿಕಾರಿಗಳೂ ನಕ್ಕರು. ಎರಡೂ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಅಕ್ಕ ತಿರುಗಿ ನೋಡದೆ ಮುಂದೆ ನಡೆದಳು. ನನಗೆ ನಗು ಬರಲಿಲ್ಲ. ಮೊದಲ ವರ್ಷ ಹಸುವಿನ ನೆಪ ಹೇಳಿದ ದಿನ ನಾನು ಅವಳ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದು ಸಂಜೆವರೆಗೂ ಕೂತಿದ್ದೆ. ಎದ್ದು ಹೊರಡುವ ಮುಂಚೆ ಇನ್ನೊಂದೇ ಒಂದು ಸಲ ಬಾರೆ ಅಂದಿದ್ದರೆ, ಅಕ್ಕ ಎರಡು ವರ್ಷ ಮೊದಲೇ ಸಮುದ್ರ ನೋಡಿರುತ್ತಿದ್ದಳು.