ಕಾಗೆಗೆ ಕೊಟ್ಟ ಮಾತು

ಅಣ್ಣನ ತಿಥಿಯ ದಿನ ಕಾಗೆ ಎಡೆ ಮುಟ್ಟಲಿಲ್ಲ. ತೋಟದಲ್ಲಿ ಅವನನ್ನು ಮಣ್ಣು ಮಾಡಿದ ಜಾಗದಲ್ಲೇ ಬಾಳೆಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದ್ದೆವು. ಮುದ್ದೆ, ಅವರೆಕಾಳು ಸಾರು, ವಡೆ, ಕೊನೆಗೆ ಸಿಗರೇಟು ಕೂಡ. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಬಾಯಿ ಹಾಕುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಏನು ಆಸೆ ಅಂತ ಊಹಿಸಿ, ತೀರಿಸುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು.

ಅಣ್ಣ ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಮದುವೆಯಾಗಿರಲಿಲ್ಲ. ಹಾಸನದಿಂದ ಬೈಕಿನಲ್ಲಿ ಬರುವಾಗ ಶಾಂತಿಗ್ರಾಮದ ಹತ್ತಿರ ಲಾರಿ ಗುದ್ದಿತು. ಕರ್ಮ ಮಾಡಿದವನು ನಾನು, ಬೋಳು ತಲೆಯಲ್ಲಿ ಬಿಸಿಲಿಗೆ ನಿಂತಿದ್ದೆ.

"ನಿನ್ ತಮ್ಮನ್ನ ಚೆನ್ನಾಗಿ ಓದುಸ್ತೀವಿ, ಬಾರಪ್ಪ," ಅಂದಳು ಅಮ್ಮ. "ನಿನ್ ಬೈಕ್ ಮಾರಾಕಿಲ್ಲ ಕಣ್ಲಾ," ಅಂದರು ಮಾವ. ಕಾಗೆ ತೆಂಗಿನ ಗರಿಯ ಮೇಲಿಂದ ಕದಲಲಿಲ್ಲ. ನನಗೆ ಅಣ್ಣ ತಂದಿಟ್ಟಿದ್ದ ಎರಡು ಟಿಕೆಟ್ ನೆನಪಾದವು. ಬೆಂಗಳೂರಿಗೆ ಹೊರದೇಶದ ಹೆವಿ ಮೆಟಲ್ ಬ್ಯಾಂಡೊಂದು ಬರುವುದಿತ್ತು. ಇಬ್ಬರೂ ಹೋಗೋಣ ಅಂದಿದ್ದ.

"ಅಣ್ಣ, ಆ ಬ್ಯಾಂಡ್ ನೋಡಾಕೆ ನಾನು ಓಯ್ತೀನಿ," ಅಂದೆ.

ಕಾಗೆ ಇಳಿದು ಬಂದು ವಡೆ ಕಚ್ಚಿಕೊಂಡು ಹೋಯಿತು. ಅದಕ್ಕೆ ಹಸಿವಾಗಿತ್ತು ಅಷ್ಟೇ ಅನ್ನುವುದು ಇವತ್ತಿಗೂ ನನ್ನ ವಾದ. ಅಪ್ಪ ಮಾತ್ರ ಅದು ಹಾರಿದ ದಿಕ್ಕಿಗೆ ಕೈ ಮುಗಿದ.

ಅಣ್ಣನಿಗೆ ಈ ಸಂಗೀತದ ಹುಚ್ಚು ಹತ್ತಿದ್ದು ಹಾಸನದಲ್ಲಿ ಐಟಿಐ ಓದುವಾಗ. ಸಂಜೆ ಮನೆಗೆ ಬಂದವನೇ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟು ತುರುಕುತ್ತಿದ್ದ. ಕೊಟ್ಟಿಗೆಯಿಂದ ಅಪ್ಪನ ಕೂಗು ತಪ್ಪುತ್ತಿರಲಿಲ್ಲ. "ಸೌಂಡ್ ಕಮ್ಮಿ ಮಾಡ್ಲಾ. ಅಸ ಹಾಲು ಇಳುಸ್ತಿಲ್ಲ." ಅಣ್ಣ ಒಂಚೂರು ಕಮ್ಮಿ ಮಾಡಿ, ಅಪ್ಪ ಡೇರಿಗೆ ಹೊರಟ ಮೇಲೆ ಮತ್ತೆ ಜೋರು ಮಾಡುತ್ತಿದ್ದ.

ತಿಥಿಯಾದ ವಾರಕ್ಕೆ, ಬೆಂಗಳೂರಿಗೆ ಹೊರಟ ದಿನ, ಅಪ್ಪ ಒಗೆದ ಪಂಚೆ ಉಟ್ಟು ನನಗಿಂತ ಮೊದಲೇ ಹಿರೀಸಾವೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದ.

"ಇನ್ನೊಂದ್ ಟಿಕೆಟ್ ಐತಲ್ಲ. ನಾನೂ ಬತ್ತೀನಿ."

ಮೈದಾನದ ತುಂಬ ಕಪ್ಪು ಟೀ ಶರ್ಟು, ಅದರ ಮೇಲೆ ತಲೆಬುರುಡೆಯ ಚಿತ್ರ. ನಡುವೆ ಅಪ್ಪನದೊಂದೇ ಬಿಳಿ ಪಂಚೆ. ಉದ್ದ ಕೂದಲಿನ ಹುಡುಗನೊಬ್ಬ ನನ್ನ ಬೋಳು ತಲೆ ಸವರಿ, "ಮಗಾ, ಸೂಪರ್ ಸ್ಟೈಲು," ಅಂದ.

"ಸ್ಟೈಲ್ ಅಲ್ಲ ಕಣಪ್ಪ," ಅಂದ ಅಪ್ಪ. "ಇವ್ರಣ್ಣ ತೀರ್ಕೊಂಡ."

ಆ ಹುಡುಗನ ಮುಖ ಬಾಡಿಹೋಯಿತು. ಗೆಳೆಯರನ್ನೆಲ್ಲ ಪಕ್ಕಕ್ಕೆ ಸರಿಸಿ, ಅಪ್ಪ ಒರಗಿ ನಿಲ್ಲಲೆಂದು ಸ್ಟೇಜಿನ ಮುಂದಿನ ಕಂಬಿಯ ಹತ್ತಿರ ಜಾಗ ಮಾಡಿಕೊಟ್ಟ.

ಹೊತ್ತು ಮುಳುಗುವಾಗ ಶುರುವಾಯಿತು. ಎದೆಯೊಳಗೇ ಯಾರೋ ಗುದ್ದಲಿ ಹಾಕಿದ ಹಾಗಿತ್ತು. ಅಪ್ಪ ಟವೆಲನ್ನು ಕಿವಿಗೆ ಬಿಗಿದುಕೊಂಡು ಕಣ್ಣು ಮುಚ್ಚಿದ. ಇವನನ್ನು ಕರೆತಂದು ತಪ್ಪು ಮಾಡಿದೆನಾ ಅಂದುಕೊಂಡೆ. ನಾಲ್ಕನೆಯದೋ ಐದನೆಯದೋ ಹಾಡು. ಡ್ರಮ್ಮಿಗೆ ಎರಡು ಏಟು ಬಿದ್ದಿತ್ತಷ್ಟೇ, ಯಾವ ಹಾಡೆಂದು ನನಗಿನ್ನೂ ಹೊಳೆದಿರಲಿಲ್ಲ, ಅಪ್ಪ ಟವೆಲು ಬಿಚ್ಚಿ ನನ್ನ ರಟ್ಟೆ ಹಿಡಿದ.

"ಇದು ಕಣ್ಲಾ. ದಿನಾ ಹಾಲು ಕರ್ಯೋ ಹೊತ್ಗೆ ಹಾಕೋನಲ್ಲ, ಇದೇಯ."

ಅಷ್ಟು ವರ್ಷ ಬೈಯುತ್ತಲೇ ಪೂರ್ತಿ ಕೇಳಿಸಿಕೊಂಡಿದ್ದ. ಅಲ್ಲಿ ನನಗೆ ದುಃಖ ತಡೆಯಲಾಗಲಿಲ್ಲ, ಅಣ್ಣ ಹೋದಾಗಿನಿಂದ ಕಲ್ಲಿನಂತಿದ್ದವನು ಅತ್ತುಬಿಟ್ಟೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ಕೊನೆಗೆ ವಾದ್ಯದವರು ಬಗ್ಗಿ ಕೈಬೀಸಿ ಒಳಗೆ ಹೋದರು. ದೀಪ ಹತ್ತಿದವು, ಜನ ಕರಗಿದರು. ಅಪ್ಪ ಕಂಬಿ ಬಿಡಲಿಲ್ಲ.

"ಓಗನ ಬಾ ಅಪ್ಪ, ಬಸ್ಸು ತಪ್ಪೋಯ್ತದೆ."

ಖಾಲಿ ಸ್ಟೇಜನ್ನೇ ನೋಡುತ್ತ ಅವನು ಹೇಳಿದ, "ಇನ್ನೊಂದು ಹಾಕಾಕೆ ಹೇಳ್ಲಾ. ಜೋರಾಗೇ ಹಾಕ್ಲಿ."